ಯುದ್ಧದ ನಿಯಮಗಳು ಬರೀ ಕಾಗದವೇ?

ಗಾಝಾದ ವೀಡಿಯೋಗಳನ್ನು ಎರಡು ವರ್ಷ ಮೊಬೈಲಿನಲ್ಲಿ ನೋಡಿದ ಮೇಲೆ, ನಮ್ಮ ತರಗತಿಯಲ್ಲಿ ಯಾರಾದರೂ ‘ಯುದ್ಧದ ನಿಯಮ’ ಎಂದು ಬಾಯಿ ತೆರೆದರೆ ಉಳಿದವರು ನಗುತ್ತಾರೆ. ಆ ನಗುವಿನೊಳಗೆ ಸಿಟ್ಟಿದೆ, ಅದು ನನಗೂ ಅರ್ಥವಾಗುತ್ತದೆ. ಆಸ್ಪತ್ರೆಗಳ ಮೇಲೆ ಬಾಂಬ್ ಬಿದ್ದವು, ಹಿಟ್ಟಿಗಾಗಿ ಕಾದು ನಿಂತ ಜನ ಸತ್ತರು. ಜಿನೀವಾ ಒಪ್ಪಂದ ಎಲ್ಲಿ ಹೋಯಿತು ಎಂದು ಕೇಳಿದರೆ ಉತ್ತರ ಹೇಳುವವರಿಲ್ಲ. ಹಾಗಾಗಿ ‘ಯುದ್ಧ ಅಂದ ಮೇಲೆ ನಿಯಮ ಎಂಥದು, ಗೆದ್ದವನು ಹೇಳಿದ್ದೇ ನಿಯಮ’ ಎಂದು ಗೆಳೆಯರು ಹೇಳಿದಾಗ ಯಾರೂ ಎದುರು ಮಾತಾಡುವುದಿಲ್ಲ. ನಾನು ಇಲ್ಲಿ ಎದುರು ಮಾತಾಡಬೇಕೆಂದಿದ್ದೇನೆ.

ಆ ಮಾತಿನಲ್ಲಿ ಎರಡು ವಾದಗಳು ಬೆರೆತಿವೆ. ನಿಯಮವನ್ನು ಯಾರೂ ಪಾಲಿಸುವುದಿಲ್ಲ ಎನ್ನುವುದು ಒಂದು. ಪಾಲಿಸುವವನು ದಡ್ಡ, ಕೈ ಕಟ್ಟಿಕೊಂಡು ಕುಸ್ತಿಗೆ ಇಳಿದವನು ಎನ್ನುವುದು ಇನ್ನೊಂದು. ಎರಡಕ್ಕೂ ನಮ್ಮ ಹಿರಿಯರು ಕೊಡುವ ಉತ್ತರ ಒಂದೇ: ನಿರಪರಾಧಿಯನ್ನು ಕೊಲ್ಲುವುದು ಪಾಪ. ಅದು ಸತ್ಯ. ಆದರೆ ‘ಇದರಿಂದ ಉಪಯೋಗವಿಲ್ಲ’ ಎನ್ನುವವನಿಗೆ ‘ಇದು ಪಾಪ’ ಎಂದರೆ ಅವನ ಪ್ರಶ್ನೆಗೆ ಉತ್ತರ ಸಿಕ್ಕ ಹಾಗಾಗಲಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ. ಅದಕ್ಕೇ ಮೊದಲು ಲಾಭ ನಷ್ಟದ ಲೆಕ್ಕವನ್ನೇ ನೋಡುತ್ತೇನೆ. ಪಾಪ ಪುಣ್ಯಕ್ಕೆ ಆಮೇಲೆ ಬರುತ್ತೇನೆ, ಬಂದೇ ಬರಬೇಕಾಗುತ್ತದೆ.

ಯುದ್ಧಕೈದಿಗಳ ಬಗ್ಗೆ ಇರುವ ಮೂರನೇ ಜಿನೀವಾ ಒಪ್ಪಂದವನ್ನು ನಾನು ಓದಲು ಕೂತಿದ್ದು ಚರ್ಚಾಸ್ಪರ್ಧೆಗಾಗಿ. 1949ರಲ್ಲಿ ಆದ ಒಪ್ಪಂದ, 143 ವಿಧಿಗಳಿವೆ. ಉದ್ದುದ್ದ ನೀತಿಬೋಧೆ ಇರುತ್ತದೆ ಅಂದುಕೊಂಡಿದ್ದೆ. ಓದುತ್ತಾ ಹೋದರೆ ನಮ್ಮ ಅಕೌಂಟೆನ್ಸಿ ಪುಸ್ತಕದ ಹಾಗಿದೆ! ಕೈದಿಗಳ ಶಿಬಿರದಲ್ಲಿ ಕ್ಯಾಂಟೀನ್ ಇರಬೇಕು, ಅಲ್ಲಿ ಸಾಬೂನು, ತಿಂಡಿ, ತಂಬಾಕು ಸಿಗಬೇಕು, ಬೆಲೆ ಆ ಊರಿನ ಮಾರುಕಟ್ಟೆ ಬೆಲೆಗಿಂತ ಹೆಚ್ಚಿರಬಾರದು, ಬಂದ ಲಾಭ ಕೈದಿಗಳ ಒಳಿತಿಗೇ ಖರ್ಚಾಗಬೇಕು. ಇದು 28ನೇ ವಿಧಿ. 60ನೇ ವಿಧಿಯ ಪ್ರಕಾರ ಸೆರೆ ಹಿಡಿದ ದೇಶವೇ ಕೈದಿಗೆ ತಿಂಗಳು ತಿಂಗಳು ಮುಂಗಡ ಸಂಬಳ ಕೊಡಬೇಕು. ಸಾಮಾನ್ಯ ಸಿಪಾಯಿಗೆ 8 ಸ್ವಿಸ್ ಫ್ರಾಂಕ್, ಜನರಲ್ ದರ್ಜೆಯವರಿಗೆ 75. ಪ್ರತಿ ಕೈದಿಯ ಹೆಸರಿನಲ್ಲಿ ಒಂದು ಖಾತೆ ಇಡಬೇಕು. ಜಮಾ ಖರ್ಚಿನ ಪ್ರತಿ ನಮೂದಿಗೂ ಅವನ ಅಥವಾ ಕೈದಿಗಳ ಪ್ರತಿನಿಧಿಯ ಸಹಿ ಬೇಕು. ಕೇಳಿದಾಗ ಖಾತೆಯ ನಕಲು ಕೊಡಬೇಕು. ಬಿಡುಗಡೆಯ ದಿನ ಬಾಕಿ ಎಷ್ಟಿದೆ ಎಂದು ಬರೆದುಕೊಡಬೇಕು.

ನಿನ್ನೆಯವರೆಗೆ ನಮ್ಮ ಮೇಲೆ ಗುಂಡು ಹಾರಿಸುತ್ತಿದ್ದವನಿಗೆ ಪಾಸ್‌ಬುಕ್! ಮೊದಲು ನಗು ಬಂತು. ಆಮೇಲೆ ಯೋಚಿಸಿದೆ, ಇದನ್ನು ಬರೆದವರು ಯುದ್ಧ ಕಾಣದ ಸಾಧುಗಳೇನಲ್ಲ. ಎರಡನೇ ಮಹಾಯುದ್ಧ ಮುಗಿದು ನಾಲ್ಕೇ ವರ್ಷ ಆಗಿತ್ತು. ಅಂಥವರು ಸಾಬೂನಿನ ಬೆಲೆಯನ್ನು ಕೂಡ ಬಿಡದೆ ಬರೆದಿದ್ದಾರೆಂದರೆ, ಅದನ್ನು ಬರೆಯದೆ ಬಿಟ್ಟರೆ ಏನಾಗುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು ಎಂದೇ ಅರ್ಥ. (ಅಂದ ಹಾಗೆ, ರೆಡ್ ಕ್ರಾಸ್ ಹುಟ್ಟಲು ಕಾರಣನಾದ ಹೆನ್ರಿ ಡುನಾಂಟ್ ಕೂಡ ಒಬ್ಬ ವ್ಯಾಪಾರಿ. ಅಲ್ಜೀರಿಯಾದಲ್ಲಿ ತನ್ನ ಕಂಪನಿಗೆ ಬೇಕಾಗಿದ್ದ ಅನುಮತಿ ಕೇಳಲು ಫ್ರಾನ್ಸಿನ ಚಕ್ರವರ್ತಿಯನ್ನು ಹುಡುಕಿಕೊಂಡು ಹೋಗಿದ್ದವನು 1859ರಲ್ಲಿ ಸೋಲ್ಫೆರಿನೋದ ರಣಭೂಮಿಯಲ್ಲಿ ಗಾಯಾಳುಗಳನ್ನು ಕಂಡ. ವ್ಯಾಪಾರದಲ್ಲಿ ಆತ ಕೊನೆಗೆ ದಿವಾಳಿಯಾದ, ಅದು ಬೇರೆ ಮಾತು. 1901ರಲ್ಲಿ ಮೊದಲ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಇಬ್ಬರಲ್ಲಿ ಅವನೂ ಒಬ್ಬ.)

ಯುದ್ಧ ಮುಗಿಯುವುದು ಹೇಗೆ ಎಂದು ಕೇಳಿಕೊಂಡರೆ ಕೈದಿಯ ಪಾಸ್‌ಬುಕ್ಕಿನ ಅರ್ಥ ತಿಳಿಯುತ್ತದೆ. ಎದುರಾಳಿಯ ಸೈನಿಕರನ್ನೆಲ್ಲ ಒಬ್ಬೊಬ್ಬರಾಗಿ ಕೊಂದು ಮುಗಿಸಿದ ಯುದ್ಧಗಳು ತೀರಾ ಕಡಿಮೆ. ಹೆಚ್ಚಿನವು ಮುಗಿಯುವುದು ಎದುರಾಳಿ ಬಂದೂಕು ಕೆಳಗಿಟ್ಟಾಗ. ಅವನು ಕೆಳಗಿಡಬೇಕಾದರೆ, ಇಟ್ಟ ಮೇಲೆ ಬದುಕುತ್ತೇನೆ ಎಂಬ ನಂಬಿಕೆ ಬೇಕು. ಶರಣಾಗತಿ ಎಂದರೆ ಉದ್ರಿ ವ್ಯವಹಾರದ ಹಾಗೆ: ಒಬ್ಬ ತನ್ನದನ್ನೆಲ್ಲ ಇವತ್ತೇ ಕೊಟ್ಟುಬಿಡುತ್ತಾನೆ, ಇನ್ನೊಬ್ಬ ಕೊಡುವುದು ನಾಳೆ. ಮಾತು ಉಳಿಸಿಕೊಳ್ಳದವನಿಗೆ ಯಾರು ಉದ್ರಿ ಕೊಡುತ್ತಾರೆ?

ಹಿಟ್ಲರನ ಸೈನ್ಯ 1941ರಲ್ಲಿ ಸೋವಿಯತ್ ಒಕ್ಕೂಟದ ಮೇಲೆ ದಾಳಿ ಮಾಡುವ ಮೊದಲೇ ಒಂದು ಆದೇಶ ಹೊರಡಿಸಿತ್ತು. ಸೆರೆ ಸಿಕ್ಕ ಕಮ್ಯುನಿಸ್ಟ್ ರಾಜಕೀಯ ಅಧಿಕಾರಿಗಳನ್ನು, ಅಂದರೆ ಕಮಿಸಾರ್‌ಗಳನ್ನು, ಅಲ್ಲೇ ಗುಂಡಿಕ್ಕಿ ಕೊಲ್ಲಬೇಕು ಎಂದು. ನಮ್ಮ ಗೆಳೆಯರ ಲೆಕ್ಕದಲ್ಲಿ ಇದು ‘ಕೈ ಕಟ್ಟದ’ ಯುದ್ಧ. ಆದದ್ದೇನು? ಈ ವಿಷಯ ಎದುರು ಪಾಳಯಕ್ಕೆ ತಿಳಿದ ಮೇಲೆ ಅವರು ಕೊನೆಯ ಗುಂಡಿನವರೆಗೆ ಹೋರಾಡುತ್ತಿದ್ದಾರೆ ಎಂದು ಜರ್ಮನಿಯ ಸೇನಾಧಿಕಾರಿಗಳೇ ಮೇಲಕ್ಕೆ ದೂರು ಬರೆದರು. 1942ರಲ್ಲಿ ಆ ಆದೇಶವನ್ನು ಹಿಂದಕ್ಕೆ ಪಡೆಯಬೇಕಾಯಿತು. ಕರುಣೆಯಿಂದಲ್ಲ, ನಷ್ಟ ತಾಳಲಾರದೆ. ಆದರೆ ಸೆರೆ ಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ ಸುಮಾರು 33 ಲಕ್ಷ ಮಂದಿ ಹಸಿವು, ಚಳಿ, ರೋಗ, ಗುಂಡಿಗೆ ಸತ್ತರು. ಹಾಗಿರುವಾಗ ಯಾರು ತಾನೇ ಶರಣಾದಾರು? 1945ರಲ್ಲಿ ಸೋಲು ಖಚಿತವಾದಾಗ ಜರ್ಮನ್ ಸೈನಿಕರು ಗುಂಪು ಗುಂಪಾಗಿ ಪಶ್ಚಿಮದ ಕಡೆ ಹೊರಟರು. ಬ್ರಿಟಿಷರಿಗೋ ಅಮೆರಿಕನ್ನರಿಗೋ ಶರಣಾಗೋಣ, ರಷ್ಯನ್ನರ ಕೈಗೆ ಮಾತ್ರ ಸಿಗುವುದು ಬೇಡ ಎಂದು. ಯಾವ ಕಡೆ ನಿಯಮ ಸ್ವಲ್ಪವಾದರೂ ನಡೆಯುತ್ತದೆ ಎಂದು ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ನಮ್ಮದೇ ದೇಶದ ಉದಾಹರಣೆ ಇದಕ್ಕಿಂತ ದೊಡ್ಡದು. 1971ರ ಡಿಸೆಂಬರಿನಲ್ಲಿ ಪೂರ್ವ ಪಾಕಿಸ್ತಾನದಲ್ಲಿದ್ದ ಪಾಕಿಸ್ತಾನಿ ಸೈನ್ಯಕ್ಕೆ ಜನರಲ್ ಮಾಣೆಕ್ ಷಾ ರೇಡಿಯೋ ಮೂಲಕ ಮತ್ತೆ ಮತ್ತೆ ಸಂದೇಶ ಕೊಟ್ಟರು. ನೀವು ಸುತ್ತುವರಿಯಲ್ಪಟ್ಟಿದ್ದೀರಿ, ಶರಣಾದರೆ ಜಿನೀವಾ ಒಪ್ಪಂದದಂತೆ ನಡೆಸಿಕೊಳ್ಳುತ್ತೇವೆ ಎನ್ನುವುದು ಅದರ ಸಾರ. ಆಗ ಢಾಕಾದಲ್ಲಿ ಮಾತುಕತೆಗೆ ಹೋಗಿದ್ದ ಮೇಜರ್ ಜನರಲ್ ಜೇಕಬ್ ಆಮೇಲೆ ತಮ್ಮ ಪುಸ್ತಕದಲ್ಲಿ ಕೊಟ್ಟ ಲೆಕ್ಕ ನೋಡಿ: ನಗರದಲ್ಲಿ ಜನರಲ್ ನಿಯಾಝಿ ಬಳಿ 26,400 ಸೈನಿಕರು, ಹೊರಗೆ ಭಾರತದವರು ಸುಮಾರು 3,000. ಆದರೂ ಡಿಸೆಂಬರ್ 16ರಂದು ನಿಯಾಝಿ ಸಹಿ ಹಾಕಿದರು.

ಬರೀ ರೇಡಿಯೋ ಸಂದೇಶದಿಂದ ಯುದ್ಧ ಗೆದ್ದರು ಎಂದು ನಾನು ಹೇಳುತ್ತಿಲ್ಲ. ಸಮುದ್ರ, ಆಕಾಶ ಎರಡೂ ಮುಚ್ಚಿದ್ದವು, ಮುಕ್ತಿವಾಹಿನಿ ಬೀದಿ ಬೀದಿಯಲ್ಲಿತ್ತು. ಅದಕ್ಕೆ ಹೆದರಲು ಪಾಕಿಸ್ತಾನಿ ಸೈನ್ಯಕ್ಕೆ ಕಾರಣವೂ ಇತ್ತು. ಮಾರ್ಚ್ 25ರಿಂದ ಒಂಬತ್ತು ತಿಂಗಳು ಬಂಗಾಳಿಗಳ ಮೇಲೆ ಆ ಸೈನ್ಯ ನಡೆಸಿದ ಕೊಲೆ, ಅತ್ಯಾಚಾರಗಳಲ್ಲಿ ಯಾವ ನಿಯಮವೂ ಉಳಿದಿರಲಿಲ್ಲ. ಹಾಗೆ ನಡೆದುಕೊಂಡವರೇ ಕೊನೆಗೆ ಪ್ರಾಣ ಉಳಿಸಿಕೊಳ್ಳಲು ಹಿಡಿದದ್ದು ಆ ನಿಯಮದ ಪುಸ್ತಕವನ್ನೇ. ಶರಣಾಗತಿ ಪತ್ರ ಒಂದೇ ಪುಟದಷ್ಟು ಚಿಕ್ಕದು. ಅಷ್ಟರಲ್ಲೇ ಜಿನೀವಾ ಒಪ್ಪಂದದ ಹೆಸರಿದೆ, ಸೈನಿಕರಿಗೆ ಸಿಗಬೇಕಾದ ಗೌರವದ ಮಾತಿದೆ. ಅಲ್ಪಸಂಖ್ಯಾತ ಜನಾಂಗಗಳಿಗೂ ಪಶ್ಚಿಮ ಪಾಕಿಸ್ತಾನ ಮೂಲದವರಿಗೂ ಜನರಲ್ ಅರೋರಾ ಅವರ ಸೈನ್ಯ ರಕ್ಷಣೆ ಕೊಡುತ್ತದೆ ಎಂಬ ಭರವಸೆಯೂ ಇದೆ. ಮನೆಯಲ್ಲಿ ಉರ್ದು ಮಾತಾಡುವ ನನಗೆ ಆ ಸಾಲು ಓದುವಾಗ, ಅಲ್ಲಿ ಸಿಕ್ಕಿಬಿದ್ದಿದ್ದ ಉರ್ದು ಮಾತಿನ ಬಿಹಾರಿ ಕುಟುಂಬಗಳ ನೆನಪಾಯಿತು. ಅವರಲ್ಲಿ ಎಷ್ಟೋ ಜನರಿಗೆ ಆ ಸಾಲು ಪೂರ್ತಿ ನೆರವಿಗೆ ಬರಲಿಲ್ಲ, ಅದೂ ನಿಜ.

ಸುಮಾರು 93,000 ಮಂದಿ ಭಾರತದ ವಶಕ್ಕೆ ಬಂದರು, ಅವರಲ್ಲಿ ಸೈನಿಕರಲ್ಲದವರೂ ಇದ್ದರು. ಯುದ್ಧ ಮುಗಿದ ಕೂಡಲೇ ಕೈದಿಗಳನ್ನು ಬಿಡಬೇಕು ಎಂಬ ನಿಯಮ ಇಲ್ಲಿ ಸರಿಯಾಗಿ ನಡೆಯಲಿಲ್ಲ. ಎರಡು ದೇಶಗಳ ನಡುವೆ, ಆಮೇಲೆ ಬಾಂಗ್ಲಾದೇಶವೂ ಸೇರಿ, ಮಾತುಕತೆ ಎಳೆದಾಡಿ ಕೊನೆಯವರು ಮನೆಗೆ ಹೋದದ್ದು 1974ರ ಏಪ್ರಿಲ್‌ನಲ್ಲಿ. ಯುದ್ಧಾಪರಾಧಕ್ಕಾಗಿ ವಿಚಾರಣೆಗೆ ಗುರುತಿಸಿದ್ದ 195 ಮಂದಿಯೂ ವಿಚಾರಣೆ ಇಲ್ಲದೆ ಹೋದರು. ಸತ್ತವರ ಮನೆಯವರಿಗೆ ಇದು ಹೇಗೆ ಕಂಡಿರಬೇಕು! ಆದರೆ ಢಾಕಾ ನಗರದ ಬೀದಿ ಬೀದಿಯಲ್ಲಿ ಯುದ್ಧ ನಡೆದಿದ್ದರೆ ಎಷ್ಟು ಬಂಗಾಳಿಗಳು, ಎಷ್ಟು ಭಾರತೀಯ ಸೈನಿಕರು ಸಾಯುತ್ತಿದ್ದರು ಎಂಬ ಲೆಕ್ಕವನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು. ಆ ಲೆಕ್ಕ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ, ಏಕೆಂದರೆ ಆ ಸಾವುಗಳು ಆಗಲೇ ಇಲ್ಲ.

ದ್ವಿತೀಯ ಪಿಯುಸಿ ಕಾಮರ್ಸಿನವರಿಗೆ ಗುಡ್‌ವಿಲ್ ಪಾಠ ಗೊತ್ತಿದೆ. ಅಂಗಡಿಯ ಹೆಸರಿಗೆ ಇರುವ ಬೆಲೆ ಅದು. ಕಣ್ಣಿಗೆ ಕಾಣುವುದಿಲ್ಲ, ಗೋದಾಮಿನಲ್ಲಿ ಇಡಲು ಆಗುವುದಿಲ್ಲ, ಆದರೂ ಆಸ್ತಿಯ ಕಡೆ ಬರೆಯುತ್ತೇವೆ. ಹೊಸ ಪಾಲುದಾರ ಬರುವಂಥ ಸಂದರ್ಭದಲ್ಲಿ ಅದರ ಬೆಲೆ ಎಷ್ಟು ಎಂದು ಹೊರಗೆ ಬರುತ್ತದೆ. ಕೈದಿಗಳನ್ನು ಕೊಲ್ಲುವುದಿಲ್ಲ ಎಂಬ ಹೆಸರು ಸೈನ್ಯಕ್ಕೆ ಅಂಥ ಆಸ್ತಿ. ಅದನ್ನು ಕಟ್ಟಲು ವರ್ಷಗಳು ಬೇಕು, ಕಳೆಯಲು ಒಂದು ವಾರ ಸಾಕು. ಇರಾಕಿನ ಅಬೂ ಗರೀಬ್ ಜೈಲಿನಲ್ಲಿ ಅಮೆರಿಕದ ಸೈನಿಕರು ಕೈದಿಗಳನ್ನು ಹಿಂಸಿಸಿದ ಫೋಟೋಗಳು 2004ರಲ್ಲಿ ಹೊರಬಂದಾಗ ಏನಾಯಿತು? ತಮ್ಮ ವಿರುದ್ಧ ಬಂದೂಕು ಹಿಡಿದ ಎಷ್ಟೋ ಹುಡುಗರನ್ನು ಎಬ್ಬಿಸಿದ್ದು ಆ ಫೋಟೋಗಳೇ ಎಂದು ಅಮೆರಿಕದ ಸೇನಾಧಿಕಾರಿಗಳೇ ಆಮೇಲೆ ಒಪ್ಪಿಕೊಂಡರು.

ಗಡಿಯ ಎರಡೂ ಕಡೆಯವರಿಗೆ ಈ ವ್ಯವಹಾರ ಒಳಗೊಳಗೆ ಗೊತ್ತಿದೆ. 1965ರ ಯುದ್ಧದಲ್ಲಿ ಕೊಡಗಿನ ಜನರಲ್ ಕಾರ್ಯಪ್ಪ ಅವರ ಮಗ, ವಾಯುಪಡೆಯ ಅಧಿಕಾರಿ, ಪಾಕಿಸ್ತಾನದಲ್ಲಿ ಸೆರೆ ಸಿಕ್ಕರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಡಿಸಿ ಕೊಡುವ ಮಾತು ಬಂದಾಗ, ಎಲ್ಲ ಕೈದಿಗಳೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂಬ ಅರ್ಥದ ಉತ್ತರ ಹೋಯಿತಂತೆ. ಮಗ ಉಳಿದವರ ಜೊತೆಗೇ 1966ರಲ್ಲಿ ಬಂದರು, ಮುಂದೆ ಏರ್ ಮಾರ್ಷಲ್ ಆದರು. ಇನ್ನೊಂದು ಸಂಗತಿಯ ಬಗ್ಗೆ ಟಿವಿಯಲ್ಲಿ ಯಾರೂ ಕೂಗಾಡುವುದಿಲ್ಲ. 1988ರಲ್ಲಿ ಭಾರತ, ಪಾಕಿಸ್ತಾನ ಒಂದು ಒಪ್ಪಂದ ಮಾಡಿಕೊಂಡವು: ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡಬಾರದು. 1992ರಿಂದ ಪ್ರತಿ ವರ್ಷ ಜನವರಿ 1ರಂದು ಸ್ಥಾವರಗಳ ಪಟ್ಟಿಯನ್ನು ಅದಲು ಬದಲು ಮಾಡಿಕೊಳ್ಳುತ್ತಾರೆ. ಕಾರ್ಗಿಲ್ ಆಯಿತು, ಪುಲ್ವಾಮಾ ಬಾಲಾಕೋಟ್ ಆಯಿತು, ರಾಯಭಾರಿಗಳನ್ನು ಕಳಿಸಿಬಿಟ್ಟರು, ಕ್ರಿಕೆಟ್ ನಿಂತಿತು. ಪಟ್ಟಿ ಮಾತ್ರ ನಿಲ್ಲಲಿಲ್ಲ. ಪ್ರೀತಿಯಿಂದ ಕೊಡುತ್ತಾರೆಯೇ? ಇಲ್ಲ. ಗಾಳಿಗೆ ಗಡಿ ಇಲ್ಲ ಎಂದು ಇಬ್ಬರಿಗೂ ಗೊತ್ತು.

ಇಲ್ಲಿಯವರೆಗೆ ಲಾಭದ ಪುಟ. ಇಲ್ಲಿಗೇ ನಿಲ್ಲಿಸಿದರೆ ನನ್ನ ವಾದ ಗೆದ್ದ ಹಾಗೆ ಕಾಣುತ್ತದೆ. ಆದರೆ ನಷ್ಟದ ಪುಟವೂ ಇದೆ, ಅದಿರುವುದು ನಾವು ಹೆಮ್ಮೆಯಿಂದ ಹೇಳುವ ಕತೆಯಲ್ಲೇ.

ಸಲಾಹುದ್ದೀನ್ ಅಯ್ಯೂಬಿ 1187ರಲ್ಲಿ ಜೆರುಸಲೇಮ್ ಗೆದ್ದಾಗ, 1099ರಲ್ಲಿ ಕ್ರುಸೇಡರುಗಳು ಅಲ್ಲಿ ಮಾಡಿದ್ದ ಕಗ್ಗೊಲೆಗೆ ಸೇಡು ತೀರಿಸಲಿಲ್ಲ, ಒತ್ತೆಹಣ ಪಡೆದು ಜನರನ್ನು ಬಿಟ್ಟರು. ಇದನ್ನು ಪ್ರತಿ ವರ್ಷ ಭಾಷಣದಲ್ಲಿ ಕೇಳುತ್ತೇವೆ. ಭಾಷಣದಲ್ಲಿ ಬಾರದ ಭಾಗ ಬೇರೆ ಇದೆ. ಹತ್ತೀನ್ ಕದನದ ನಂತರ ಇದೇ ಸಲಾಹುದ್ದೀನ್ ಸೆರೆ ಸಿಕ್ಕ ಟೆಂಪ್ಲರ್, ಹಾಸ್ಪಿಟಲರ್ ಯೋಧರನ್ನು ಕೊಲ್ಲಿಸಿದ್ದರು. ಮತ್ತೆ, ಒಂದೊಂದು ಕೋಟೆ ಶರಣಾದಾಗಲೂ ಅಲ್ಲಿನವರನ್ನು ಸುರಕ್ಷಿತವಾಗಿ ಹೋಗಲು ಬಿಟ್ಟರು, ಅವರೆಲ್ಲ ಹೋಗಿ ಸೇರಿದ್ದು ಟೈರ್ ಪಟ್ಟಣವನ್ನು. ಟೈರ್ ಎಷ್ಟು ಗಟ್ಟಿಯಾಯಿತೆಂದರೆ ಸಲಾಹುದ್ದೀನ್‌ಗೆ ಅದನ್ನು ಗೆಲ್ಲಲಾಗಲಿಲ್ಲ. ಮುಂದೆ ಮೂರನೇ ಕ್ರುಸೇಡಿಗೆ ಅದೇ ಆಸರೆಯಾಯಿತು. ಇತಿಹಾಸಕಾರ ಇಬ್ನುಲ್ ಅಸೀರ್ ಈ ಬಗ್ಗೆ ಸಲಾಹುದ್ದೀನರನ್ನು ನೇರವಾಗಿಯೇ ಟೀಕಿಸಿದ್ದಾರೆ. ಮಾತು ಉಳಿಸಿಕೊಂಡದ್ದಕ್ಕೆ ನಷ್ಟ ಆಯಿತು, ಸಣ್ಣ ನಷ್ಟ ಅಲ್ಲ. ಅದೇ ಹೆಸರಿನ ಬಲದಿಂದ ಕೋಟೆಗಳು ಬೇಗ ಬೇಗ ಶರಣಾದವು, 1192ರಲ್ಲಿ ರಿಚರ್ಡ್ ದೊರೆಯ ಜೊತೆ ಒಪ್ಪಂದವೂ ಆಯಿತು ಎಂದು ಸಮಾಧಾನ ಹೇಳಬಹುದು. ಆದರೂ ಟೈರ್ ಟೈರೇ. ನಿಯಮ ಪಾಲಿಸಿದರೆ ಯಾವಾಗಲೂ ಲಾಭ ಎನ್ನುವವರು ಇತಿಹಾಸ ಓದಿಲ್ಲ.

ಹಝ್ರತ್ ಅಬೂಬಕರ್ ಸಿದ್ದೀಕ್(ರ) ಶಾಮ್ ದೇಶಕ್ಕೆ ಸೈನ್ಯ ಕಳಿಸುವಾಗ ಕೊಟ್ಟ ಹತ್ತು ಸೂಚನೆಗಳು ನಮ್ಮಲ್ಲಿ ಹಲವರಿಗೆ ಗೊತ್ತು. ಇಮಾಮ್ ಮಾಲಿಕರ ಮುವತ್ತಾದಲ್ಲಿ ಅವು ಇವೆ: ಹೆಂಗಸರನ್ನು, ಮಕ್ಕಳನ್ನು, ಮುದುಕರನ್ನು ಕೊಲ್ಲಬಾರದು, ಹಣ್ಣಿನ ಮರ ಕಡಿಯಬಾರದು, ತಿನ್ನುವುದಕ್ಕಲ್ಲದೆ ಕುರಿ ಒಂಟೆ ಕೊಯ್ಯಬಾರದು, ಆಶ್ರಮದಲ್ಲಿರುವ ಸನ್ಯಾಸಿಗಳ ತಂಟೆಗೆ ಹೋಗಬಾರದು. ನಾನು ಕಾಮರ್ಸ್ ಕಣ್ಣಿನಿಂದ ನೋಡಿದರೆ ಹಣ್ಣಿನ ಮರದ ಮಾತು ಒಳ್ಳೆಯ ಆಡಳಿತ. ನಾಳೆ ನಾವೇ ಆಳಬೇಕಾದ ನಾಡಿನ ತೋಟ ಸುಟ್ಟರೆ ಕಂದಾಯ ಎಲ್ಲಿಂದ ಬರಬೇಕು? ಆದರೆ ಆ ಸೂಚನೆಯಲ್ಲಿ ‘ಲಾಭ ಇದ್ದರೆ’ ಎಂಬ ಷರತ್ತಿಲ್ಲ. ಎದುರಾಳಿಯೂ ಹಾಗೇ ನಡೆದುಕೊಂಡರೆ ಎಂಬ ಷರತ್ತೂ ಇಲ್ಲ. ಜಿನೀವಾ ಒಪ್ಪಂದಗಳ ಮೊದಲ ವಿಧಿಯೂ ಎಲ್ಲ ಸಂದರ್ಭಗಳಲ್ಲೂ ಪಾಲಿಸಬೇಕು ಎಂದೇ ಹೇಳುತ್ತದೆ. ಬರೆದವರಿಗೆ ಲೆಕ್ಕ ಗೊತ್ತಿತ್ತು, ಲೆಕ್ಕ ಎಲ್ಲಿ ಕೈಕೊಡುತ್ತದೆ ಎನ್ನುವುದೂ ಗೊತ್ತಿತ್ತು.

ಲೆಕ್ಕ ಕೈಕೊಡುವ ಜಾಗವೇ ಗಾಝಾ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ನಡೆಯುವುದು ಇಬ್ಬರ ಕೈಯಲ್ಲೂ ಏನಾದರೂ ಇದ್ದಾಗ. ಭಾರತದ ಬಳಿ ಪಾಕಿಸ್ತಾನದ ಕೈದಿ ಇದ್ದರೆ, ಪಾಕಿಸ್ತಾನದ ಬಳಿ ಭಾರತದ ಕೈದಿ ಇರುತ್ತಾನೆ. ಆದರೆ ಟೆಂಟಿನಲ್ಲಿರುವ ಐದು ವರ್ಷದ ಮಗುವಿನ ಕೈಯಲ್ಲಿ ಏನಿದೆ? ಅದು ಯಾರಿಗೂ ಏನನ್ನೂ ತಿರುಗಿ ಕೊಡಲಾರದು. ಅದನ್ನು ಕೊಂದರೆ ಕೊಂದವನಿಗೆ ಇವತ್ತು ನಷ್ಟವಿಲ್ಲ, ದೊಡ್ಡ ದೇಶವೊಂದು ಬೆನ್ನಿಗಿದ್ದರೆ ನಾಳೆಯೂ ಇಲ್ಲದಿರಬಹುದು. ಇಲ್ಲಿ ನನ್ನ ಗುಡ್‌ವಿಲ್ ಪಾಠಕ್ಕೆ ಬಾಯಿ ಬರುವುದಿಲ್ಲ. ಇಲ್ಲಿ ಪಾಪ ಎಂಬ ಮಾತೇ ಬೇಕು. ಬೇರೆ ಯಾವ ಮಾತೂ ಸಾಲದು.

ನನ್ನ ಗೆಳೆಯರ ಜೊತೆ ನನಗಿರುವ ನಿಜವಾದ ಜಗಳವೂ ಇಲ್ಲೇ. ನಿಯಮವೇ ಸುಳ್ಳು ಎಂದರೆ ಆಸ್ಪತ್ರೆಯ ಮೇಲೆ ಬಾಂಬ್ ಹಾಕಿದ್ದು ತಪ್ಪು ಎಂದು ಯಾವ ಬಾಯಲ್ಲಿ ಹೇಳುವುದು? ಸ್ಟೇಟಸ್ಸಿನಲ್ಲಿ ‘ಯುದ್ಧಾಪರಾಧ’ ಎಂದು ಬರೆಯುವಾಗ ನಾವು ಬಳಸುತ್ತಿರುವುದು ಅದೇ ನಗೆಪಾಟಲಾದ ಪುಸ್ತಕದ ಪದವನ್ನು. ಆ ಪದ ಬೇಕು ಎಂದಾದರೆ ಪೂರ್ತಿ ಬೇಕು. 2023ರ ಅಕ್ಟೋಬರ್ 7ರಂದು ಇಸ್ರೇಲಿನಲ್ಲಿ ಸುಮಾರು 1,200 ಜನರ ಕೊಲೆಯಾಯಿತು. ಅವರಲ್ಲಿ ಹೆಚ್ಚಿನವರು ಸೈನಿಕರಲ್ಲ. ಸುಮಾರು 250 ಜನರನ್ನು ಒತ್ತೆಯಾಳಾಗಿ ಒಯ್ದರು. ಅದೇ ಪುಸ್ತಕ ಒತ್ತೆಯಾಳು ಹಿಡಿಯುವುದನ್ನು ನಿಷೇಧಿಸುತ್ತದೆ, ಅಬೂಬಕರ್(ರ) ಅವರ ಸೂಚನೆಗಳಿಗೂ ಆ ದಿನ ನಡೆದದ್ದು ಹೊಂದುವುದಿಲ್ಲ. ಇದನ್ನು ಹೇಳಿದರೆ ‘ನೀನು ಯಾರ ಕಡೆ?’ ಎಂದು ಕೇಳುವವರಿದ್ದಾರೆ. ಅದರ ನಂತರ ಗಾಝಾದಲ್ಲಿ ಸತ್ತ ಹತ್ತಾರು ಸಾವಿರ ಜನರ ಲೆಕ್ಕ ಇದರಿಂದ ಒಂದೂ ಕಡಿಮೆಯಾಗುವುದಿಲ್ಲ. ಒಂದು ಜನರ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂಬ ಕುರ್‌ಆನಿನ ಎಚ್ಚರಿಕೆ ಇರುವುದು ದ್ವೇಷಕ್ಕೆ ಕಾರಣ ಇರುವವರಿಗಾಗಿಯೇ ಅಲ್ಲವೇ?

ಗಾಝಾದಲ್ಲಿ ನಿಯಮ ಪೂರ್ತಿ ಸತ್ತುಹೋಯಿತು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. 2023ರ ನವೆಂಬರಿನಲ್ಲಿ, ಮತ್ತೆ 2025ರಲ್ಲಿ, ಒತ್ತೆಯಾಳುಗಳನ್ನೂ ಪ್ಯಾಲೆಸ್ತೀನಿ ಕೈದಿಗಳನ್ನೂ ಅದಲು ಬದಲು ಮಾಡುವ ಹೊತ್ತಿಗೆ ಇಬ್ಬರಿಗೂ ಬೇಕಾದದ್ದು ರೆಡ್ ಕ್ರಾಸಿನ ಗಾಡಿಗಳೇ. ಒಬ್ಬರನ್ನೊಬ್ಬರು ನಂಬದವರು ಆ ಗುರುತನ್ನು ನಂಬಿದರು. 2024ರ ಜನವರಿ 26ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಇಸ್ರೇಲಿಗೆ ಮಧ್ಯಂತರ ಆದೇಶ ಕೊಟ್ಟಿತು. ಅದೇ ವರ್ಷ ನವೆಂಬರ್ 21ರಂದು ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ ನೆತನ್ಯಾಹು, ಗ್ಯಾಲಂಟ್ ಮತ್ತು ಹಮಾಸಿನ ಮೊಹಮ್ಮದ್ ದೈಫ್ ಮೇಲೆ ಬಂಧನದ ವಾರಂಟ್ ಹೊರಡಿಸಿತು. ಯಾರೂ ಜೈಲಿಗೆ ಹೋಗಲಿಲ್ಲ, ಗೊತ್ತು. ಸಾಲ ವಸೂಲಾಗಲಿಲ್ಲ ಎಂದು ಖಾತೆಯ ಪುಟವನ್ನೇ ಹರಿದು ಹಾಕಿದರೆ ಸಂತೋಷಪಡುವವನು ಸಾಲಗಾರ. ನಮ್ಮ ತರಗತಿಯ ನಗು ಅವನಿಗೇ ಅನುಕೂಲ.

ಮೂರನೇ ಒಪ್ಪಂದದ 127ನೇ ವಿಧಿಯಲ್ಲಿ ಒಂದು ಮಾತಿದೆ. ಈ ಒಪ್ಪಂದವನ್ನು ಆದಷ್ಟು ಹೆಚ್ಚು ಜನರಿಗೆ ತಿಳಿಸಬೇಕು, ಸೈನಿಕರಿಗೆ ಕಲಿಸಬೇಕು, ಸಾಧ್ಯವಾದರೆ ಸಾಮಾನ್ಯ ಜನರಿಗೂ ಕಲಿಸಬೇಕು ಎಂದು. ಸಹಿ ಹಾಕಿದ ದೇಶಗಳಲ್ಲಿ ನಮ್ಮದೂ ಒಂದು. ನಮ್ಮ ಕಾಲೇಜಿನ ರೆಡ್ ಕ್ರಾಸ್ ಘಟಕ ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ಮಾಡುತ್ತದೆ, ಒಳ್ಳೆಯ ಕೆಲಸ. ಈ ವರ್ಷ ಶಿಬಿರದ ಜೊತೆಗೆ ಒಂದು ಗಂಟೆ ಈ ಪುಸ್ತಕಕ್ಕೂ ಕೊಡಬಹುದೇ ಎಂದು ಘಟಕದ ಸರ್ ಅವರನ್ನು ಕೇಳಿದ್ದೇನೆ. ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ನಗುವವರೂ ಬರಲಿ, ಮುಂದಿನ ಸಾಲಿನಲ್ಲೇ ಕೂರಲಿ. 28ನೇ ವಿಧಿಯ ಸಾಬೂನಿನ ಬೆಲೆಯಿಂದ ಶುರುಮಾಡೋಣ.